ನಕ್ಷೆಯಲ್ಲಿಲ್ಲದ ಸೂಪು

ಮೂವತ್ತೇಳನೆಯ ನಕ್ಷೆಗೆ ಚುಕ್ಕಿ ಇಡುವಾಗ ರೋನಾಳ ಪೆನ್ನು ನಿಂತುಹೋಯಿತು. ಅದರ ಮೂತಿಗೆ ಎರಡು ಸಲ ಬಿಸಿಯುಸಿರು ಊದಿ, ರದ್ದಿ ಕಾಗದದ ಮೇಲೆ ಗೀಚಿ, ನೀಲಿ ಮತ್ತೆ ಇಳಿಯತೊಡಗಿದ ಮೇಲೆ ಮೂವತ್ತೆಂಟನೆಯದನ್ನು ಎಳೆದುಕೊಂಡಳು. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಐವತ್ತು ನಕ್ಷೆಗಳಿಗೆ ಹೀಗೆ ಚುಕ್ಕಿ ಇಡಬೇಕು. ಮಾಹಿತಿ ಕೇಂದ್ರ ಹಳೆಯ ಧಾನ್ಯದ ಮಳಿಗೆಯಿಂದ ಈ ರಸ್ತೆಗೆ ಬಂದು ಎರಡು ವರ್ಷವಾಗಿದ್ದರೂ, ನಕ್ಷೆಯಲ್ಲಿ ‘ನೀವು ಇಲ್ಲಿದ್ದೀರಿ’ ಎಂಬ ಕೆಂಪು ಬಾಣ ಇನ್ನೂ ಆ ಮಳಿಗೆಯನ್ನೇ ತಿವಿಯುತ್ತಿತ್ತು. ಹೊಸದಾಗಿ ಅಚ್ಚು ಹಾಕಿಸೋಣ ಎಂದರೆ, ಹಳೆಯವು ಇನ್ನೂ ಆರು ಸಾವಿರ ಉಳಿದಿವೆ, ಅವು ಮುಗಿಯಲಿ ಎಂದು ಹಳೇಪೇಟೆ ವ್ಯಾಪಾರಿಗಳ ಸಂಘ ಹೇಳಿತ್ತು. ಸ್ಟರ್ಲಿಂಗಿನಲ್ಲಿ ಮುಗಿಯುವ ಮುಂಚೆ ಯಾರೂ ಏನನ್ನೂ ಎಸೆಯುವುದಿಲ್ಲ. ಹಾಗಾಗಿ ರೋನಾ ಲಾರಿಮರ್, ತನ್ನ ಐವತ್ತಾರನೆಯ ವಯಸ್ಸಿನಲ್ಲಿ, ಬಂದವರಿಗೆ ತಾವು ಎಲ್ಲಿದ್ದೇವೆಂದು ತಿಳಿಯಲಿ ಎಂದು ದಿನಕ್ಕೆ ಐವತ್ತು ಸಲ ಚುಕ್ಕಿ ಇಡುತ್ತಿದ್ದಳು.

ಆ ಕೌಂಟರಿನ ಹಿಂದೆ ಅವಳು ಕೂತು ಹದಿನೆಂಟು ವರ್ಷ. ಕೆಲಸಕ್ಕೆ ಒಂದೇ ಒಂದು ಕಟ್ಟಳೆ: ತಿನ್ನುವ, ಕುಡಿಯುವ ವಿಷಯದಲ್ಲಿ ಪಕ್ಷಪಾತ ಕೂಡದು. ಹಳೇಪೇಟೆಯ ಹೋಟೆಲು, ಪಬ್ಬು, ಟೀ ಅಂಗಡಿಗಳೆಲ್ಲ ಸಂಘಕ್ಕೆ ಒಂದೇ ಚಂದಾ ಕಟ್ಟುವುದರಿಂದ ಎಲ್ಲವೂ ಒಂದೇ ಸಮ. ಎಲ್ಲಿ ಊಟ ಚೆನ್ನಾಗಿದೆ ಎಂದು ಕೇಳಿದವರಿಗೆ ಇಪ್ಪತ್ತಾರು ಹೆಸರಿನ ಪಟ್ಟಿ ಕೊಡಬೇಕು, ಮುಗುಳ್ನಗಬೇಕು, ಸುಮ್ಮನಾಗಬೇಕು. ವರ್ಷಕ್ಕೊಮ್ಮೆ ಸಂಘದವರು ಯಾರನ್ನಾದರೂ ಪ್ರವಾಸಿಯ ವೇಷದಲ್ಲಿ ಕಳಿಸಿ ಪರೀಕ್ಷೆ ಮಾಡುವುದೂ ಇತ್ತು. ರೋನಾ ಅಂಥವರನ್ನು ಬೂಟು ನೋಡಿಯೇ ಹಿಡಿಯುತ್ತಿದ್ದಳು. ನಿಜವಾದ ಪ್ರವಾಸಿಯ ಬೂಟು ಒದ್ದೆಯಾಗಿರುತ್ತದೆ. ಒಣ ಬೂಟಿನವನು ಕೌಂಟರಿನ ಮೇಲೆ ಮೊಣಕೈಯೂರಿ, “ನಿಮಗೆ ಇದರಲ್ಲಿ ಯಾವುದು ಇಷ್ಟ, ಗುಟ್ಟಾಗಿ ಹೇಳಿ” ಎಂದರೆ, “ಇಪ್ಪತ್ತಾರೂ ಇಷ್ಟ ಸರ್” ಎನ್ನುತ್ತಿದ್ದಳು.

“ಮಳೆ ಬರ್ತಿದೆಯಾ ಅಂತ ರೋನಾನ ಕೇಳಿ ನೋಡಿ,” ಎಂದು ಕರಿ ಟಗರು ಪಬ್ಬಿನ ಡೂಗಲ್ ಬಂದುಹೋದವರ ಮುಂದೆಲ್ಲ ಹೇಳುತ್ತಿದ್ದ. “ಮಳೇದೊಂದು, ಬಿಸಿಲಿಂದೊಂದು ಚೀಟಿ ಕೊಟ್ಟು, ನೀವೇ ಆರಿಸ್ಕೊಳ್ಳಿ ಅಂತಾಳೆ.”

ಬಾಯಿಗೆ ಬೀಗ ಹಾಕಿದರೆ ಕೈ ಸುಮ್ಮನಿರುತ್ತದೆಯೇ? ದಾರಿ ತೋರಿಸುವಾಗ ಅವಳ ನೀಲಿ ಪೆನ್ನು ನಕ್ಷೆಯ ಮೇಲೆ ಓಡುತ್ತ, ಕೆಲವು ಕಡೆ ಗಟ್ಟಿಯಾಗಿ ಒಂದು ಸುತ್ತು ಹಾಕುತ್ತಿತ್ತು, ಕೆಲವು ಕಡೆ ಸೊಳ್ಳೆ ಕೂತೆದ್ದ ಹಾಗೆ ಮುಟ್ಟಿ ಹೋಗುತ್ತಿತ್ತು. ಇದು ಪ್ರವಾಸಿಗಳಿಗೆ ಗೊತ್ತಾಗುತ್ತಿರಲಿಲ್ಲ, ಸಂಘದ ಕಚೇರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದುದು ಅಂಗಡಿಯವರಿಗೆ ಮಾತ್ರ. ಗಿರಾಕಿಗಳು ಮೇಜಿನ ಮೇಲೆ ಬಿಟ್ಟುಹೋದ ನಕ್ಷೆಗಳನ್ನು ಅವರು ಬೆಳಕಿಗೆ ಹಿಡಿದು, ಜಾತಕ ನೋಡುವವರ ಹಾಗೆ ಹಣೆ ಸುಕ್ಕುಗಟ್ಟಿಸಿ ನೋಡುತ್ತಿದ್ದರು. ಮೀನು ಕರಿಯುವ ಅಂಗಡಿಯವನು ಒಮ್ಮೆ ಕೌಂಟರಿಗೇ ಬಂದು, “ಹೋದ ವಾರದಿಂದ ನನ್ನ ಸುತ್ತು ತೆಳ್ಳಗಾಗಿದೆ ಕಣಮ್ಮ. ಎಣ್ಣೆ ಬದಲಾಯಿಸಿದೀನಿ, ಗಮನಕ್ಕಿರಲಿ” ಎಂದಿದ್ದ.

“ಯಾವ ಸುತ್ತು?” ಎಂದು ರೋನಾ ಪಟ್ಟಿಯನ್ನು ಅವನ ಮುಂದೆಯೇ ತಳ್ಳಿದ್ದಳು.

ಆ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಹೆಸರು ಸೆಂಗಾಳದು. ಗ್ಲವರ್ಸ್ ಗಲ್ಲಿಯಲ್ಲಿ ಐದು ಮೇಜಿನ ಟೀ ಅಂಗಡಿ. ಹಳೆಯ ಸ್ಮಶಾನದ ಕಡೆಯಿಂದ ನಲವತ್ತೊಂದು ಕಲ್ಲು ಮೆಟ್ಟಿಲು ಇಳಿದರೆ ನೇರ ಅದರ ಬಾಗಿಲಿಗೆ. ಸೆಂಗಾ ಮತ್ತು ರೋನಾ ಶಾಲೆಯಲ್ಲಿ ಒಂದೇ ಬೆಂಚಿನವರು. ಸೆಂಗಾ ಹೇಳುವ ಹಾಗೆ, ಆ ಬೆಂಚಿನಲ್ಲಿ ಒಬ್ಬಳು ಓದಿದಳು, ಇನ್ನೊಬ್ಬಳು ನೋಡಿ ಬರೆದಳು; ಯಾರು ಯಾವುದು ಎಂಬ ಬಗ್ಗೆ ಇಬ್ಬರಲ್ಲೂ ಒಮ್ಮತವಿಲ್ಲ. ಸೆಂಗಾ ಮಾಡುವ ಬೇಳೆ ಸೂಪಿಗೆ, ಚೀಸ್ ಹಾಕಿದ ಸ್ಕೋನ್ ಬನ್ನಿಗೆ ಊರಲ್ಲಿ ಸಾಟಿಯಿರಲಿಲ್ಲ. ಬಸ್ ಓಡಿಸಿ ನಿವೃತ್ತನಾದ ಪೀಟ್ರಿ ಒಂಬತ್ತು ವರ್ಷದಿಂದ ದಿನಾ ಆ ಸೂಪು ಕುಡಿದು, ದಿನಾ ಬಟ್ಟಲು ಕೆಳಗಿಟ್ಟು “ಕುಡೀಬಹುದು” ಎಂದಿದ್ದ. ಈ ಊರಲ್ಲಿ ಇದಕ್ಕಿಂತ ದೊಡ್ಡ ಬಿರುದು ಬದುಕಿದ್ದಾಗ ಯಾರಿಗೂ ಸಿಕ್ಕಿಲ್ಲ.

ಆದರೂ ರೋನಾಳ ಪೆನ್ನು ಒಂದೇ ಒಂದು ಸಲವೂ ಆ ಗಲ್ಲಿಗೆ ಇಳಿದಿರಲಿಲ್ಲ. ಕೋಟೆ ನೋಡಿ ಬರುವವರನ್ನು ಅವಳು ಚರ್ಚಿನ ಮುಂದಿನ ಅಗಲ ರಸ್ತೆಯಲ್ಲೇ ಇಳಿಸುತ್ತಿದ್ದಳು. ಸ್ಮಶಾನದ ಕಡೆ ಮೆಟ್ಟಿಲಿದೆಯಲ್ಲ ಎಂದು ಯಾರಾದರೂ ಕೇಳಿದರೆ, “ಇದೆ, ಜಾರುತ್ತೆ” ಎನ್ನುತ್ತಿದ್ದಳು. ಸುಳ್ಳೇನಲ್ಲ. ಸ್ಟರ್ಲಿಂಗಿನಲ್ಲಿ ಜಾರದ ಮೆಟ್ಟಿಲು ಯಾವುದಿದೆ?

ನಿಜವಾದ ಕಾರಣ ಆ ಅಂಗಡಿಯ ಕಿಟಕಿ ಪಕ್ಕದ ಮೇಜು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಜಗತ್ತು ರೋನಾಳನ್ನು ಕೇಳುತ್ತಿತ್ತು. ಕೋಟೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಶೌಚಾಲಯ ಎಲ್ಲಿ, ಹ್ಯಾಗಿಸ್ ಎಂಬ ಮಾಂಸದ ಉಂಡೆಯ ಒಳಗೆ ಏನಿರುತ್ತದೆ (“ಮೊದಲು ತಿನ್ನಿ, ಆಮೇಲೆ ಹೇಳ್ತೀನಿ”), ಹೊಗೆವಾಸನೆ ಇಲ್ಲದ ವಿಸ್ಕಿ ಯಾವುದು, ಹಳೆಯ ಕಾಲದ ಆ ರಾಣಿಯ ತಲೆ ಕಡಿದದ್ದು ಇಲ್ಲೇ ತಾನೇ (“ಅಲ್ಲ, ಇಲ್ಲಿ ಕಿರೀಟ ಇಟ್ಟರು, ತಲೆ ಕಡಿದದ್ದು ಗಡಿಯಾಚೆ ಇಂಗ್ಲೆಂಡಿನವರು”). ಮನೆಗೆ ಹೋದರೆ ಅಲ್ಲೂ ಅವಳದೇ ಕೌಂಟರು. ರೈಲ್ವೆಯಿಂದ ನಿವೃತ್ತನಾದ ಗಂಡ ಕೆನೆತ್‌ಗೆ ತನ್ನ ಕನ್ನಡಕ, ಡಬ್ಬಿ ತೆಗೆಯುವ ಸಾಧನ, ನೀಲಿ ಸ್ವೆಟರು ಎಲ್ಲಿವೆಯೆಂದು ಇವಳನ್ನೇ ಕೇಳಬೇಕು. ಈ ಎರಡು ಕೌಂಟರುಗಳ ನಡುವೆ, ನಾಲ್ಕೂ ಕಾಲಿನಿಂದ ಐದರವರೆಗೆ, ಆ ಕಿಟಕಿ ಪಕ್ಕದ ಮೇಜು. ಅಲ್ಲಿ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಕೂತರೆ ಟೀ ಬರುತ್ತಿತ್ತು, ಸ್ಕೋನು ಬರುತ್ತಿತ್ತು, ಕೊನೆಗೆ ಸೆಂಗಾ ಬಂದು ಎದುರು ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಇಡೀ ಊರನ್ನು ಪರದೇಶದವರಿಗೆ ಬಡಿಸುವ ರೋನಾ ಈ ಒಂದು ಮೇಜನ್ನು ಮಾತ್ರ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. ಅದು ತಪ್ಪೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಸೆಪ್ಟೆಂಬರಿನ ಎರಡನೆಯ ವಾರ, ಒಂದು ಮಂಗಳವಾರ, ಸೆಂಗಾ ಟೀ ಬದಲು ಒಂದು ಕಟ್ಟು ನಕ್ಷೆ ತಂದು ಮೇಜಿನ ಮೇಲೆ ಹರಡಿದಳು.

“ಒಟ್ಟು ಹನ್ನೊಂದು,” ಎಂದಳು. “ನನ್ನ ಅಂಗಡೀಲಿ ಬಿಟ್ಟುಹೋದವು. ಬಿಟ್ಟುಹೋದವರೆಲ್ಲ ದಾರಿ ತಪ್ಪಿ ಬಂದವರು. ನನ್ನ ಗಿರಾಕಿ ಅಂದ್ರೆ ಈಗ ಅವರೇ, ದಾರಿ ತಪ್ಪಿದವರು. ಮತ್ತೆ ಪೀಟ್ರಿ.”

“ನಾನು ದಾರಿ ತಪ್ಪಿಲ್ಲಮ್ಮ,” ಎಂದ ಪೀಟ್ರಿ ಮೂಲೆಯಿಂದ. “ಬೇರೆ ಕಡೆ ಸೇರಿಸಲ್ಲ, ಅದಕ್ಕೆ ಬರ್ತೀನಿ.”

“ನೋಡೇ ಇಲ್ಲಿ.” ಸೆಂಗಾಳ ಹಿಟ್ಟು ಮೆತ್ತಿದ ಬೆರಳು ನೀಲಿ ಗೆರೆಯ ಗುಂಟ ಹೋಯಿತು. “ಕೋಟೆ. ಚರ್ಚು. ಡೂಗಲ್ ಪಬ್ಬು, ಅದಕ್ಕೆ ಎರಡು ಸುತ್ತು. ಅವನು ಬಿಯರ್‌ಗೆ ನೀರು ಹಾಕ್ತಾನೆ ಅಂತ ನೀನೇ ಹೇಳಿದ್ಯಲ್ಲ? ಇರ್ಲಿ. ಇಲ್ಲಿ ನನ್ನ ಗಲ್ಲಿ ಬಂತು. ನಿನ್ನ ಪೆನ್ನು ಹೇಗೆ ಬಳಸ್ಕೊಂಡು ಹೋಗಿದೆ ನೋಡು, ಗುಂಡಿ ತಪ್ಪಿಸೋ ಬಸ್ಸಿನ ಹಾಗೆ.”

“ನಾನು ಗುಂಡಿ ತಪ್ಪಿಸ್ತಾನೇ ಇರ್ಲಿಲ್ಲ,” ಎಂದ ಪೀಟ್ರಿ.

“ಗೊತ್ತು. ನನ್ನ ಸೊಂಟ ಇನ್ನೂ ಹೇಳ್ತಿದೆ.” ಸೆಂಗಾ ನಗುತ್ತಲೇ ಕುರ್ಚಿ ಎಳೆದು ಕೂತಳು. ಆಮೇಲೆ ನಗು ನಿಂತಿತು. “ಲೇ ರೋನಾ, ಹೇಳ್ಬಿಡು. ನನ್ನ ಸೂಪು ಚೆನ್ನಾಗಿಲ್ವಾ? ಬೇಜಾರಿಲ್ಲ. ತಿಳ್ಕೊಂಡ್ರೆ ನಿರ್ಧಾರ ಮಾಡೋಕೆ ಸುಲಭ.”

“ಏನು ನಿರ್ಧಾರ?”

“ಈ ತಿಂಗಳು ಮೂವತ್ತರೊಳಗೆ ಕಟ್ಟಡದ ಯಜಮಾನರಿಗೆ ಹೂಂ ಅನ್ಬೇಕು, ಇಲ್ಲಾ ಊಹೂಂ ಅನ್ಬೇಕು. ಹೂಂ ಅಂದ್ರೆ ಇನ್ನೈದು ವರ್ಷ ಇದೇ ಒಲೆ. ಊಹೂಂ ಅಂದ್ರೆ ಅಬರ್ಡೀನಿಗೆ, ಮಗಳ ಮನೆಗೆ. ಅವಳು ಕರೀತಾನೇ ಇದಾಳೆ. ಇಲ್ಲಿ ಖಾಲಿ ಮೇಜು ಒರೆಸ್ಕೊಂಡು ಎಷ್ಟು ದಿನ ಅಂತ ಇರ್ಲಿ?”

ರೋನಾಳ ನಾಲಗೆಯ ಮೇಲೆ ಒಂದಿಷ್ಟು ಮಾತುಗಳು ಸಾಲುಗಟ್ಟಿ ನಿಂತವು. ಹೋಗಬೇಡ ಕಣೇ. ತಪ್ಪು ನನ್ನದು. ನಿನ್ನ ಸೂಪಿಗೆ ನಾಲ್ಕು ಸುತ್ತು ಹಾಕಬೇಕಿತ್ತು, ಈ ಕಿಟಕಿ ಬಿಟ್ಟುಕೊಡಲಾರದೆ ಹಾಕಲಿಲ್ಲ. ಇದರಲ್ಲಿ ಯಾವುದನ್ನಾದರೂ ಒಂದನ್ನು ಹೇಳಿದ್ದರೂ ಸಾಕಿತ್ತು. ಆದರೆ ಅವಳ ಮನೆತನದಲ್ಲಿ ಸತ್ತವರ ಎದುರಿಗೂ “ಪಾಪ, ತಣ್ಣಗಾಗಿದ್ದಾರೆ” ಎನ್ನುವುದಕ್ಕಿಂತ ಹೆಚ್ಚು ಯಾರೂ ಮಾತಾಡಿದವರಲ್ಲ.

“ಅಬರ್ಡೀನಲ್ಲಿ ಚಳಿ ಜಾಸ್ತಿ,” ಎಂದಳು.

“ಹೌದಾ? ಇಲ್ಲಿ ನಾವು ಮಾವಿನಹಣ್ಣು ಬೆಳೀತಿದೀವಲ್ಲ,” ಎಂದು ಸೆಂಗಾ ಎದ್ದು ಟೀ ತರಲು ಹೋದಳು.

ಅವತ್ತು ಟೀ ಎಂದಿನ ಹಾಗೇ ಇತ್ತು. ಕಿಟಕಿಯಾಚೆ ಗಲ್ಲಿಯೂ ಎಂದಿನ ಹಾಗೇ ಇತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಇಷ್ಟು ದಿನ ಆ ಖಾಲಿ ಗಲ್ಲಿಯೇ ಅವಳಿಗೆ ಹಿತವಾಗಿ ಕಂಡಿತ್ತು.

ಮರುದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪೋರ್ಚುಗಲ್‌ನಿಂದ ಬಂದ ಹೆಂಗಸೊಬ್ಬಳು ಕೌಂಟರಿಗೆ ಬಂದಳು. ರೋನಾಳಷ್ಟೇ ವಯಸ್ಸು, ಒಬ್ಬಳೇ, ಬೂಟು ತೊಪ್ಪೆಯಾಗಿತ್ತು. ರೋನಾ ಪಟ್ಟಿಗೆ ಕೈ ಹಾಕಿದಳು.

“ಪಟ್ಟಿ ಬೇಡ,” ಎಂದಳು ಆಕೆ. “ಪಟ್ಟಿ ನನ್ನ ಫೋನಲ್ಲೂ ಇದೆ. ನಿಮ್ಮನ್ನ ಒಂದು ಮಾತು ಕೇಳ್ಲಾ? ಕೆಲಸ ಮುಗಿದ್ಮೇಲೆ ನೀವು ಎಲ್ಲಿಗೆ ಹೋಗಿ ಕೂತ್ಕೋತೀರಿ?”

ಹದಿನೆಂಟು ವರ್ಷದಲ್ಲಿ ಯಾವುದು ಒಳ್ಳೆಯದು ಎಂದು ಸಾವಿರಾರು ಜನ ಕೇಳಿದ್ದರು. ನೀವು ಎಲ್ಲಿ ಕೂತುಕೊಳ್ಳುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಅದಕ್ಕೆ ಸಂಘದ ಕಟ್ಟಳೆಯಲ್ಲೂ ಉತ್ತರವಿರಲಿಲ್ಲ. ರೋನಾ ಒಂದು ಕ್ಷಣ ಆಕೆಯ ಬೂಟನ್ನು ಮತ್ತೆ ನೋಡಿದಳು, ಸಂಘದವಳೇನಾದರೂ ಇರಬಹುದೇ ಎಂದು. ಅಲ್ಲ, ನೀರು ಚಾಪೆಯ ಮೇಲೆ ಹರಿಯುತ್ತಿತ್ತು.

“ನಾನಾ?” ಎಂದಳು. “ನಾನು ಮನೆಗೆ ಹೋಗ್ತೀನಿ.”

“ಓ,” ಎಂದಳು ಆಕೆ.

ಆಕೆ ನಕ್ಷೆ ತೆಗೆದುಕೊಂಡು ಹೋದಳು. ಆ “ಓ” ಮಾತ್ರ ಕೌಂಟರಿನ ಮೇಲೆ ಉಳಿಯಿತು. ಅದರಲ್ಲಿದ್ದದ್ದು ಕನಿಕರ. ಈ ಹೆಂಗಸಿಗೆ ಮನೆ ಬಿಟ್ಟರೆ ಹೋಗಿ ಕೂರಲು ಒಂದು ಜಾಗವೂ ಇಲ್ಲ, ಪಾಪ, ಎಂದುಕೊಂಡಿದ್ದಳು ಆಕೆ. ಹಾಗಲ್ಲ ಎಂದು ಹಿಂದೆಯೇ ಓಡಿಹೋಗಿ ಹೇಳಬೇಕೆನ್ನಿಸಿತು ರೋನಾಳಿಗೆ. ಆಮೇಲೆ, ಮೂವತ್ತನೆಯ ತಾರೀಕು ಕಳೆದ ಮೇಲೆ ಆಕೆ ಅಂದುಕೊಂಡದ್ದು ಅಕ್ಷರಶಃ ನಿಜವಾಗಿರುತ್ತದೆ ಎಂದು ಹೊಳೆಯಿತು. ಮೇಜು ಉಳಿಸಿಕೊಳ್ಳಲು ಜನರನ್ನು ತಪ್ಪಿಸಿದ್ದಳು. ಜನ ತಪ್ಪಿದ್ದರಿಂದ ಮೇಜೇ ಹೋಗುವುದರಲ್ಲಿತ್ತು. ಹನ್ನೊಂದು ವರ್ಷ ಬೇಕಾಯಿತೇ ತನಗೆ ಈ ಲೆಕ್ಕ ತಿಳಿಯಲು ಎಂದುಕೊಂಡಾಗ ಕಿವಿ ಬಿಸಿಯಾಯಿತು.

ಪೆನ್ನು ಕೈಗೆತ್ತಿಕೊಂಡಳು. ಗಲ್ಲಿಗೊಂದು ದಪ್ಪ ಸುತ್ತು ಹಾಕಿಬಿಡುವುದು ಸುಲಭ. ಆದರೆ ಸಂಜೆಯೊಳಗೆ ಆ ನಕ್ಷೆ ಸೆಂಗಾಳ ಕೈಗೆ ಸಿಗುತ್ತದೆ. ತಾನು ಅಳುಮುಂಜಿ ಮುಖ ಮಾಡಿದ್ದಕ್ಕೆ ಕರುಣೆಯಿಂದ ಹಾಕಿದ ಸುತ್ತು ಎಂದು ಸೆಂಗಾ ಅದನ್ನು ಮಡಿಸಿ ರೋನಾಳ ಕೈಗೇ ವಾಪಸು ಕೊಡುತ್ತಾಳೆ, ಮಾರನೆಯ ದಿನವೇ ಊಹೂಂ ಎನ್ನುತ್ತಾಳೆ. ಅವಳನ್ನು ಬಲ್ಲವರಿಗೆ ಇದು ಗೊತ್ತಿರುವ ವಿಷಯ.

ರೋನಾ ಪೆನ್ನನ್ನು ಡ್ರಾಯರಿಗೆ ಹಾಕಿ ನೂಕಿದಳು.

ಊಟ ತಿಂಡಿಯ ಬಗ್ಗೆ ತಾನೇ ಪಕ್ಷಪಾತ ಕೂಡದು? ನೋಟದ ಬಗ್ಗೆ ಕಟ್ಟಳೆ ಏನೂ ಹೇಳಿರಲಿಲ್ಲ. ಬೆಟ್ಟ, ಹೊಳೆ, ಗೋರಿಕಲ್ಲುಗಳು ಸಂಘಕ್ಕೆ ಚಂದಾ ಕಟ್ಟುವುದಿಲ್ಲ. ಮುಂದೆ ಬಂದ ಜರ್ಮನಿಯ ಇಬ್ಬರು ಸೈಕಲ್ ಸವಾರರಿಗೆ ಅವಳು ಹೇಳಿದಳು: “ಕೋಟೆ ನೋಡಿದ್ಮೇಲೆ ಬಂದ ದಾರೀಲೇ ಇಳೀಬೇಡಿ. ಸ್ಮಶಾನದೊಳಗೆ ಹೋಗಿ, ಬಂಡೆ ಮೇಲೆ ಹತ್ತಿ ನಿಂತ್ಕೊಳ್ಳಿ. ಉತ್ತರದ ಬೆಟ್ಟಗಳೆಲ್ಲ ಕಾಣುತ್ವೆ. ಹತ್ತು ನಿಮಿಷನಾದ್ರೂ ನಿಲ್ಲಿ, ಅವಸರ ಮಾಡ್ಬೇಡಿ. ಆಮೇಲೆ ಬಲಗಡೆ ಮೆಟ್ಟಿಲು ಇಳೀರಿ.”

“ಮೆಟ್ಟಿಲು ಇಳಿದ್ರೆ ಏನಿದೆ?”

“ಗಲ್ಲಿ,” ಎಂದಳು ರೋನಾ, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ.

ಉಳಿದ ಕೆಲಸವನ್ನು ಗಾಳಿಗೆ ಬಿಟ್ಟಳು. ಆ ಬಂಡೆಯ ಮೇಲಿನ ಗಾಳಿಯ ಪರಿಚಯ ಊರವರಿಗಿದೆ. ಟೋಪಿ ಇರಲಿ, ಹಲ್ಲಿನ ಸೆಟ್ಟನ್ನೂ ಬಿಗಿ ಹಿಡಿಯಬೇಕು. ಹತ್ತು ನಿಮಿಷ ಅಲ್ಲಿ ನಿಂತು ಬೆಟ್ಟ ನೋಡಿದ ಮನುಷ್ಯನಿಗೆ ತನ್ನ ಮೂಗು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅಂಥವನು ನಲವತ್ತೊಂದು ಮೆಟ್ಟಿಲು ಇಳಿದು ಬಂದಾಗ, ಎದುರಿಗೇ ಆವಿ ಕಟ್ಟಿದ ಒಂದು ಕಿಟಕಿ, ಒಳಗಿಂದ ಈರುಳ್ಳಿ ಬೆಣ್ಣೆಯಲ್ಲಿ ಬಾಡುವ ವಾಸನೆ. ಯಾವ ದೇಶದವನಾದರೂ ಆ ಬಾಗಿಲು ದಾಟಿ ಮುಂದೆ ಹೋಗಲಾರ.

ಎರಡನೆಯ ದಿನದಿಂದ ರೋನಾಳಿಗೆ ಕೈ ಕುದುರಿತು. ಮೂವತ್ತು ವರ್ಷ ರೈಲಿನವನ ಜೊತೆ ಬಾಳಿದವಳಿಗೆ ವೇಳಾಪಟ್ಟಿ ಹೊಸದಲ್ಲ. ಹತ್ತಕ್ಕೆ ಬಂದವರನ್ನು ಕೋಟೆಯ ಅಡುಗೆಮನೆ, ಹಜಾರ, ಎಲ್ಲವನ್ನೂ ಬಿಡದೆ ನೋಡಿ ಎಂದು ಒತ್ತಾಯಿಸಿ ತಡಮಾಡಿಸುತ್ತಿದ್ದಳು. ಹನ್ನೊಂದೂವರೆಗೆ ಬಂದವರನ್ನು ಮೊದಲು ಸ್ಮಶಾನಕ್ಕೇ ಅಟ್ಟುತ್ತಿದ್ದಳು. ಒಂದು ಗುಂಪು ಏಳುವಾಗ ಇನ್ನೊಂದು ಗುಂಪು ಮೆಟ್ಟಿಲ ಮೇಲಿರಬೇಕು. ಬೆಚ್ಚನೆಯ ಕೋಟು ತೊಟ್ಟವರಿಗೆ ಬಂಡೆಯ ಮೇಲೆ ಇನ್ನೈದು ನಿಮಿಷ ಹೆಚ್ಚು ಶಿಫಾರಸು ಮಾಡುತ್ತಿದ್ದಳು.

ನಾಲ್ಕನೆಯ ದಿನ ಡೂಗಲ್ ಬಂದ. ಕೈಯಲ್ಲಿ ಮೂರು ನಕ್ಷೆ.

“ಏನಮ್ಮ ಇದು? ಬರೀ ಚುಕ್ಕಿ. ಸುತ್ತೂ ಇಲ್ಲ, ಗೆರೆಯೂ ಇಲ್ಲ. ನಾವು ಏನಂತ ತಿಳ್ಕೋಬೇಕು?”

“ಪೆನ್ನಿನ ಇಂಕು ಮುಗಿದಿದೆ.”

“ಚುಕ್ಕಿಗೆ ಇದೆಯಲ್ಲ?”

“ಚುಕ್ಕಿಗೆ ಎಷ್ಟು ಬೇಕೋ ಅಷ್ಟೇ ಇದೆ.”

ಡೂಗಲ್ ಮೂರೂ ನಕ್ಷೆ ಮಡಿಸಿ ಜೇಬಿಗೆ ತುರುಕಿದ. “ನಿಂಗೆ ಹೊಸ ಪೆನ್ನು ಕೊಡಿಸೋಕೆ ಸಂಘದ ಸಭೇಲಿ ಠರಾವು ಮಂಡಿಸ್ತೀನಿ,” ಎಂದು ಹೊರಟ. ಸಭೆ ನವೆಂಬರಿನಲ್ಲಿತ್ತು. ರೋನಾಳಿಗೆ ಧೈರ್ಯ ಬಂತು. ಬಿಯರಿಗೆ ನೀರು ಬೆರೆಸಿ ಉಳಿಸಿದ್ದು ಅವನ ಹತ್ತಿರ ಸಾಕಷ್ಟಿದೆ, ಒಂದೆರಡು ವಾರ ಗಿರಾಕಿ ಕಡಿಮೆಯಾದರೆ ತಡೆದುಕೊಳ್ಳುತ್ತಾನೆ ಎಂದೂ ಅನ್ನಿಸಿತು.

ಗಲ್ಲಿಯಲ್ಲಿ ಏನಾಗುತ್ತಿದೆ ಎಂಬುದು ಅವಳಿಗೆ ಸಂಜೆ ಮಾತ್ರ ತಿಳಿಯುತ್ತಿತ್ತು. ಮೊದಲ ದಿನ ಬಾಗಿಲ ಬಳಿ ಒದ್ದೆ ಕೊಡೆಗಳು. ಮೂರನೆಯ ದಿನ ಸ್ಕೋನು ಖಾಲಿ. ಆರನೆಯ ದಿನ ನಾಲ್ಕೂ ಕಾಲಿಗೆ ಹೋದರೆ ಕಿಟಕಿ ಪಕ್ಕದ ಮೇಜಿನಲ್ಲಿ ಬ್ರೆಮೆನ್ ಊರಿನ ಸಂಸಾರವೊಂದು ಕೂತು, ಅವಳ ಕುರ್ಚಿಯ ಮೇಲೆ ತಮ್ಮ ಮಳೆ ಅಂಗಿಗಳನ್ನು ಹರವಿಕೊಂಡು, ಸೂಪಿನ ಫೋಟೋ ತೆಗೆಯುತ್ತಿತ್ತು. ರೋನಾ ಬಾಗಿಲಲ್ಲೇ ನಿಂತಳು. ಕೊಟ್ಟದ್ದು ತಾನೇ ಎಂದು ಗೊತ್ತಿದ್ದರೂ, ಅಪರಿಚಿತ ಮಗುವೊಂದು ತನ್ನ ಕಿಟಕಿಯ ಆವಿಯ ಮೇಲೆ ಬೆರಳಿನಿಂದ ಕುದುರೆ ಬರೆಯುವುದನ್ನು ನೋಡಿದಾಗ ವಾಪಸು ಹೋಗಲು ಅರ್ಧ ತಿರುಗಿದಳು.

“ಇಲ್ಲಿ ಬಾರಮ್ಮ,” ಎಂದ ಪೀಟ್ರಿ. ಅವನನ್ನೂ ಮೂಲೆಯಿಂದ ಎಬ್ಬಿಸಿ, ಕೌಂಟರಿನ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂರಿಸಿದ್ದರು. ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು. “ನಾವಿಬ್ರೂ ನಿರಾಶ್ರಿತರು. ಇದೇನು ಗ್ರಹಚಾರವೋ. ಎಲ್ಲಾ ಸ್ಮಶಾನದ ಕಡೆಯಿಂದಾನೇ ಬರ್ತಿದಾರೆ ಕಣಮ್ಮ, ಸಾಲಾಗಿ, ಮುಖ ಬಿಳುಚಿಕೊಂಡು. ಮೊದಲನೇ ದಿನ ಸತ್ತವರೇ ಎದ್ದು ಬಂದ್ರು ಅಂದ್ಕೊಂಡೆ. ಆಮೇಲೆ ಸೂಪು ಕುಡಿದ್ರು, ಬಣ್ಣ ಬಂತು.”

“ಹೌದಾ?” ಎಂದಳು ರೋನಾ.

“ಒಬ್ಬನ್ನ ಕೇಳ್ದೆ, ಯಾಕಪ್ಪ ಆ ಚಳೀಲಿ ಬಂಡೆ ಮೇಲೆ ನಿಂತಿದ್ದೆ ಅಂತ. ಬೆಟ್ಟ ನೋಡೋಕೆ ಅಂದ. ಯಾವ ಬೆಟ್ಟ? ಅವತ್ತು ಮಂಜು, ಒಂದು ಮಾರು ದೂರ ಕಾಣ್ತಿರ್ಲಿಲ್ಲ.” ಪೀಟ್ರಿ ಬಟ್ಟಲಿನ ಅಂಚಿನ ಮೇಲಿಂದ ಅವಳನ್ನು ನೋಡಿದ. “ಯಾರೋ ಹೇಳಿರ್ಬೇಕು ಅವನಿಗೆ.”

“ಪ್ರವಾಸಿಗಳು ಅಂದ್ರೆ ಹಾಗೇ. ಏನು ಹೇಳಿದ್ರೂ ನಂಬ್ತಾರೆ.”

“ಅದೇ ನಾನೂ ಅಂದ್ಕೊಂಡೆ,” ಎಂದು ಪೀಟ್ರಿ ಸೂಪಿನ ಕಡೆ ತಿರುಗಿದ. ಜೀವಮಾನವಿಡೀ ಬಸ್ಸು ಓಡಿಸಿದವನಿಗೆ, ಎಲ್ಲಿ ತಿರುಗಬೇಕು ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿತ್ತು.

ಇಪ್ಪತ್ತೆಂಟನೆಯ ತಾರೀಕು, ಗುರುವಾರ. ಐದಕ್ಕೆ ಹತ್ತು ನಿಮಿಷವಿದ್ದರೂ ಅಂಗಡಿ ತುಂಬಿತ್ತು; ಸ್ಟೂಲೂ ಖಾಲಿ ಇರಲಿಲ್ಲ. ಸೆಂಗಾ ಮೂರು ತಟ್ಟೆ ಒಂದೇ ಕೈಯಲ್ಲಿ ಹಿಡಿದು, ಬೆವರಿದ ಹಣೆಗೆ ಕೂದಲು ಅಂಟಿಸಿಕೊಂಡು, ಬಾಗಿಲಲ್ಲಿ ನಿಂತ ಗೆಳತಿಯನ್ನು ನೋಡಿ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು:

“ಇಗೋ ಬಂದ್ಲು ನೋಡಿ ನಮ್ಮ ಮಾಹಿತಿ ಕೇಂದ್ರ! ಹದಿನೆಂಟು ವರ್ಷ ಆ ಕೌಂಟರಲ್ಲಿ ಕೂತು ಒಂದು ನೊಣಾನೂ ನನ್ನ ಕಡೆ ಕಳಿಸ್ಲಿಲ್ಲ ಮಹಾರಾಯ್ತಿ. ನನ್ನ ಸೂಪು ಎರಡೇ ವಾರದಲ್ಲಿ ಊರನ್ನೇ ಎಳ್ಕೊಂಡು ಬಂತು. ಹೊಗೆ ಹಾಕಿದ ಹಂದಿ ಮೂಳೆ ಕಣೇ! ಹೋದ ವಾರದ ಸೋಮವಾರದಿಂದ ಬೇಳೆ ಜೊತೆ ಒಂದು ಜಾಸ್ತಿ ಹಾಕ್ತಿದೀನಿ.”

ಅಂಗಡಿಯೆಲ್ಲ ನಕ್ಕಿತು. ಅರ್ಥವಾಗದವರೂ ನಕ್ಕರು. ಜನ ಬರತೊಡಗಿದ್ದು ಆ ಸೋಮವಾರಕ್ಕೆ ಐದು ದಿನ ಮುಂಚೆ. ರೋನಾ ಕೂಡ ನಕ್ಕಳು, ಪೂರ್ತಿ ಬಾಯಿ ತೆರೆದು.

“ನಿಂತ್ಕೊಂಡು ಏನು ನೋಡ್ತೀಯಾ? ಕೂರೋಕೆ ಜಾಗ ಇಲ್ಲ. ಒಳಗೆ ಬಂದು ಕಪ್ಪು ಒರೆಸು.”

ಹನ್ನೊಂದು ವರ್ಷದಲ್ಲಿ ರೋನಾ ಆ ಕೌಂಟರು ದಾಟಿ ಒಳಗೆ ಹೋದದ್ದೇ ಇಲ್ಲ. ಅಡುಗೆಮನೆ ಬೆಂಕಿಪೊಟ್ಟಣದಷ್ಟಿತ್ತು. ತೊಟ್ಟಿಯ ಮೇಲಿನ ಪುಟ್ಟ ಕಿಟಕಿಗೆ ಎದುರು ಮನೆಯ ಗೋಡೆ ಬಿಟ್ಟು ಬೇರೆ ನೋಟವಿಲ್ಲ. ಅವಳು ಕೋಟು ಬಿಚ್ಚಿ ಬಾಗಿಲ ಮೊಳೆಗೆ ಸಿಕ್ಕಿಸಿ, ತೋಳು ಮಡಿಸಿ, ಬಟ್ಟೆ ಕೈಗೆತ್ತಿಕೊಂಡಳು. ಕೊನೆಯ ಗಿರಾಕಿ ಹೋಗಿ ಸೆಂಗಾ ಬಾಗಿಲ ಚಿಲಕ ಹಾಕುವವರೆಗೆ ಅವಳು ಒಬ್ಬಳೇ ನಲವತ್ತು ಕಪ್ಪು ಒರೆಸಿದ್ದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ.

ಸೆಂಗಾ ಬಂದು ಸೂಪಿನ ಪಾತ್ರೆಯನ್ನು ತೊಟ್ಟಿಗಿಳಿಸಿದಳು. “ಹೂಂ ಅಂದೆ,” ಎಂದಳು, ಉಜ್ಜುತ್ತ. “ಬೆಳಿಗ್ಗೆ ಫೋನ್ ಮಾಡಿ. ಐದು ವರ್ಷ. ಮಗಳು ಅತ್ಲು. ಆಮೇಲೆ, ಮೂಳೆ ಎಷ್ಟು ಹೊತ್ತು ಬೇಯಿಸ್ತೀಯಾ ಅಂತ ಕೇಳಿದ್ಲು.”

“ಒಳ್ಳೇದಾಯ್ತು,” ಎಂದಳು ರೋನಾ. ಇನ್ನೂ ಏನಾದರೂ ಹೇಳಬೇಕೆನ್ನಿಸಿ, “ಅಬರ್ಡೀನಲ್ಲಿ ಗಾಳೀನೂ ಜಾಸ್ತಿ,” ಎಂದು ಸೇರಿಸಿದಳು.

ಸೆಂಗಾಳ ಕೈ ನಿಂತಿತು. “ನಿಜ ಹೇಳೇ. ಇಷ್ಟು ವರ್ಷ ಇಲ್ದಿದ್ದು ಈಗ ಯಾಕೆ ಬರ್ತಿದಾರೆ? ನಿಂಗೇನಾದ್ರೂ ಗೊತ್ತಾ?”

ಕೇಳಿದ್ದು ತಮಾಷೆಗಲ್ಲ. ಉಜ್ಜಿ ಉಜ್ಜಿ ಕೆಂಪಾದ ಕೈಗಳನ್ನು ನೀರಿನಲ್ಲೇ ಬಿಟ್ಟು, ಮುಖ ಇತ್ತ ತಿರುಗಿಸಿ ನಿಂತಿದ್ದಳು. ಎರಡು ವಾರದ ಹಿಂದೆ ನಕ್ಷೆ ಹರಡಿ, ನನ್ನ ಸೂಪು ಚೆನ್ನಾಗಿಲ್ವಾ ಎಂದು ಕೇಳಿದ ಮುಖವೇ. ಆದರೆ ಈಗ ಅದರಲ್ಲಿ ಒಂದು ಬಿಗಿ ಇತ್ತು, ಬೆನ್ನು ನೆಟ್ಟಗಾಗಿತ್ತು, ಶಾಲೆಯಲ್ಲಿ ಓಟ ಗೆದ್ದ ದಿನ ಇದ್ದ ಹಾಗೆ.

ಹೇಳಿಬಿಡಬಹುದಿತ್ತು. ಹೇಳಿದರೆ ಅರ್ಧ ಹೇಳಲಾಗುವುದಿಲ್ಲ; ಕಳಿಸಿದ್ದನ್ನು ಹೇಳಿದವಳು ತಪ್ಪಿಸಿದ್ದನ್ನೂ ಹೇಳಬೇಕು. ಸೆಂಗಾ ಬೈಯುತ್ತಾಳೆ, ಎರಡು ದಿನ ಮಾತು ಬಿಡುತ್ತಾಳೆ, ಮೂರನೆಯ ದಿನ ಕ್ಷಮಿಸುತ್ತಾಳೆ. ಅದು ದೊಡ್ಡದಲ್ಲ. ಆದರೆ ನಾಳೆಯಿಂದ ಬಾಗಿಲು ತಳ್ಳಿ ಬರುವ ಪ್ರತಿಯೊಬ್ಬನನ್ನೂ, ಇವನು ಸೂಪಿಗೆ ಬಂದನೋ ರೋನಾಳ ಮಾತಿಗೆ ಬಂದನೋ ಎಂದು ನೋಡುತ್ತಾಳೆ. ಗಾಳಿ ಜನರನ್ನು ಬಾಗಿಲವರೆಗೆ ತಂದಿತ್ತು, ನಿಜ. ಬಟ್ಟಲು ಖಾಲಿ ಮಾಡಿಸಿದ್ದು ಗಾಳಿಯಲ್ಲ. ನಿನ್ನೆ ಬಂದವರಲ್ಲಿ ಇಬ್ಬರು ಇವತ್ತು ಮತ್ತೆ ಬಂದಿದ್ದರು, ಕೋಟೆಯನ್ನು ನೋಡದೆಯೇ.

“ಮೂಳೇನೇ ಇರ್ಬೇಕು,” ಎಂದಳು ರೋನಾ.

“ಮೂಳೇನೇ!” ಎಂದು ಸೆಂಗಾ ಪಾತ್ರೆಗೆ ಗುದ್ದಿದಳು. “ನಂಗೊತ್ತಿತ್ತು. ಆ ಪೀಟ್ರಿ ಏನೇನೋ ಒದರ್ತಿದ್ದ.”

ಹೊರಗೆ ಕತ್ತಲಾಗುವುದಕ್ಕೆ ಇನ್ನೂ ಹೊತ್ತಿತ್ತು. ಕೋಟಿನ ಜೇಬಿನಲ್ಲಿ ಫೋನು ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಕೆನೆತ್‌ಗೆ ಏನೋ ಸಿಕ್ಕಿರಲಿಲ್ಲ, ಆಮೇಲೆ ಸಿಕ್ಕಿರಬೇಕು. ಸೆಂಗಾ ಮಗಳ ಮಾತು, ಮೊಮ್ಮಕ್ಕಳ ಮಾತು, ಹಿಟ್ಟು ತರಿಸಬೇಕಾದ ಮಾತು ಆಡುತ್ತಲೇ ಇದ್ದಳು. ರೋನಾ ಕೇಳಿಸಿಕೊಳ್ಳುತ್ತ ಒರೆಸಿದ ಕಪ್ಪುಗಳನ್ನು ಹಲಗೆಯ ಮೇಲೆ ಒಂದರ ಪಕ್ಕ ಒಂದು ಇಡುತ್ತಿದ್ದಳು. ಆ ಗೋಡೆಯ ಎದುರು, ಬಿಸಿನೀರಿನ ಆವಿಯಲ್ಲಿ, ಕಾಲು ನೋಯುತ್ತಿದ್ದರೂ ಮನಸ್ಸು ಎಲ್ಲೋ ಕೂತುಕೊಂಡ ಹಾಗಿತ್ತು.

ಮೊಳೆಯಿಂದ ಕೋಟು ತೆಗೆದುಕೊಳ್ಳುವಾಗ ಅವಳು ತೀರ್ಮಾನ ಮಾಡಿಯಾಗಿತ್ತು. ನಾಳೆಯಿಂದ ನಾಲ್ಕೂ ಕಾಲಿಗಲ್ಲ, ಐದಕ್ಕೆ ಕಾಲು ಗಂಟೆ ಇರುವಾಗ ಬರುವುದು. ಮುಂಬಾಗಿಲಿನಿಂದಲ್ಲ, ಹಿತ್ತಿಲ ಬಾಗಿಲಿನಿಂದ. ಅದುವರೆಗಿನ ಅರ್ಧ ಗಂಟೆ ಬಂಡೆಯ ಮೇಲೆ ಹೋಗಿ ತಾನೇ ನಿಂತು ನೋಡುವುದು, ಮಂಜಿಲ್ಲದ ದಿನ ಅಲ್ಲಿಂದ ಬೆಟ್ಟಗಳು ನಿಜವಾಗಿಯೂ ಕಾಣುತ್ತವೆಯೇ ಎಂದು. ಇದರಲ್ಲಿ ಒಂದನ್ನೂ ಯಾರಿಗೂ ಹೇಳಬೇಕಾದ ಅಗತ್ಯ ಅವಳಿಗೆ ಕಾಣಲಿಲ್ಲ.